ಇನ್ನೂ ಹಳದಿ

ಬಣ್ಣ ನೋಡಲೆಂದು ಕುಲುಮೆಯಿಂದ ತೆಗೆದ, ಕಂಬಿಯ ತುದಿಯ ಗಾಜಿನ ಚೂರು ಆರಿತು, ಅಕ್ಕ ಕಿಟಕಿಗೆ ಹಿಡಿದಳು, ಎಡಗಣ್ಣಿಗೆ ಕಿತ್ತಳೆ, ಬಲಗಣ್ಣಿಗೆ ಹಳದಿ — ಇನ್ನೊಮ್ಮೆ, ಒಂದು ಮುಚ್ಚಿ ಒಂದು ತೆರೆದು, ಮಕ್ಕಳಾಟದ ಹಾಗೆ — ಚೂರು ಒಂದೇ, ಇಪ್ಪತ್ತಾರು ವರ್ಷ ಈ ಕುಲುಮೆ ಕಾಯ್ದ ಕೈಯೂ ಒಂದೇ, ಬಣ್ಣ ಮಾತ್ರ ಎರಡು. ಆಯ್ತಾ ಅಕ್ಕಾ, ತೆಗೆಯೋಣ್ವಾ, ಮೇಜಿನ ಕಡೆಯಿಂದ ಸಂಶೋಧಕಿ ಹುಡುಗಿ, ತಲೆ ಎತ್ತದೆ. ತಡಿಯೇ, ತಡಿ. ಕುಲುಮೆಯೊಳಗೆ ಹುಡುಗಿಯ ಗಾಜಿನ ಬಿಲ್ಲೆಗಳು ಬೇಯುತ್ತಿವೆ, ಇಡುವಾಗ ನೀರಿನಷ್ಟು ತಿಳಿ, ಕಾವು ಹಿಡಿದಂತೆ ಗಾಜಿನೊಳಗೇ ಅರೆವಾಹಕದ ಹರಳುಗಳು ಹುಟ್ಟುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು, ಎಳೆಯವಾದರೆ ಹಳದಿ, ಬಲಿತರೆ ಕಿತ್ತಳೆ, ಅದೇ ಬೇಕಾದ್ದು, ಇನ್ನೂ ಬಿಟ್ಟರೆ ಕೆಂಪು, ಆಮೇಲೆ ಹಿಂದಕ್ಕೆ ದಾರಿಯಿಲ್ಲ — ಸಿಟ್ಟು ಬಂದಾಗ ನಮ್ಮ ಯಜಮಾನರ ಕಿವಿ ಥರ ಅನ್ನು, ಎಂದಿದ್ದಳು ಅಕ್ಕ, ಹುಡುಗಿ ಬಿದ್ದು ಬಿದ್ದು ನಕ್ಕಿದ್ದಳು, ಆಗೆಲ್ಲ ನಗುತ್ತಿದ್ದಳು. ಹಳೇ ಕುಲುಮೆ, ಕಾವು ಏರಿಳಿಯುತ್ತದೆ, ಗಡಿಯಾರ ನಂಬುವಂತಿಲ್ಲ, ಅಕ್ಕ ಕಿತ್ತಳೆ ಅಂದರೆ ಕಿತ್ತಳೆ, ತೆಗೆ. ಆದರೆ ಎರಡು ವರ್ಷದಿಂದ ಅಳೆಯುವ ಯಂತ್ರ ಹರಳು ಸಾಲದು, ಸಣ್ಣದು ಅನ್ನುತ್ತಿದೆ, ಹುಡುಗಿ ಪ್ರತಿ ಸಲವೂ ನನ್ನ ಮಿಶ್ರಣವೇ ಸರಿಯಿಲ್ಲ ಅಕ್ಕಾ, ಸೆಲೆನಿಯಂ ಆವಿಯಾಗಿ ಹೋಗ್ತಿದೆ ಅನ್ನುತ್ತಾಳೆ, ಇವತ್ತು ಬೆಳಿಗ್ಗೆ, ಇದೂ ಕೆಟ್ರೆ ಸಂಶೋಧನೆನೇ ಬಿಟ್ಟುಬಿಡ್ತೀನಿ, ನಾಳೆ ಮೇಷ್ಟ್ರಿಗೆ ಹೇಳ್ತೀನಿ — ಗಾಜು ಹಟಮಾರಿ ಕಣೇ, ಎಂದು ಬೆನ್ನು ಸವರಿದ್ದಳು, ಇದೇ ಕೈಯಿಂದ.

ಹೋದ ತಿಂಗಳು ಬಲಗಣ್ಣಿನ ಪೊರೆ ತೆಗೆದರು, ಎಡಗಣ್ಣಿನದು ಇನ್ನೂ ಬಾಕಿ, ಪಟ್ಟಿ ಬಿಚ್ಚಿ ಮನೆಗೆ ಬಂದರೆ ಗೋಡೆ ಹಾಲಿನ ಹಾಗೆ, ಯಾವಾಗ ಬಳಿಸಿದ್ರೇ, ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಅಮ್ಮಾ ಅದು ಯಾವತ್ತೂ ಬಿಳಿನೇ, ಪಾಪ ಆ ಪೇಂಟರ್‌ನ ಬೈದು ಬೈದು ಎರಡು ಸಲ ಬಳಿಸಿದ್ಯಲ್ಲ. ಮಸೂರ ನಿಧಾನವಾಗಿ ಹಳದಿಯಾಗುತ್ತೆ, ನಮಗೇ ಗೊತ್ತಾಗಲ್ಲ ಎಂದಿದ್ದರು ಡಾಕ್ಟರು, ಇವಳೂ ನಕ್ಕಿದ್ದಳು, ಗೋಡೆಯ ಮಾತು ಗೋಡೆಗಷ್ಟೇ ಎಂದುಕೊಂಡು. ಇವತ್ತು ಮತ್ತೆ ಕೆಲಸಕ್ಕೆ ಮೊದಲ ದಿನ. ಬಲಗಣ್ಣು ಹೇಳಿದಂತೆ ಕೇಳಿದರೆ ಸಾಕು, ಬಿಲ್ಲೆ ಸರಿಯಾಗುತ್ತದೆ, ಎಲ್ಲರೂ ಗಾಜು ಕೊನೆಗೂ ಒಲಿಯಿತು ಅನ್ನುತ್ತಾರೆ, ಯಾರಿಗೂ ಏನೂ — ಹುಡುಗಿ ಮಾತ್ರ ಆ ಎರಡು ವರ್ಷ ತನ್ನದೇ ತಪ್ಪು ಎಂದು ಬದುಕುತ್ತಾಳೆ. ಎರಡು ವರ್ಷದ ಹಿಂದೆ, ಇಲ್ಲಿಗೆ ಬಂದ ಮೊದಲ ದಿನವೇ ಭುಜದ ಹಿಂದಿನಿಂದ ಇಣುಕಿ, ಇನ್ನೂ ಹಳದಿ ಅಲ್ವಾ ಅಕ್ಕಾ, ಅಂದಿದ್ದಳಲ್ಲ. ಹೊಸಬರ ಕಣ್ಣು ಗಾಜಿಗೆ ಆಗಲ್ಲ, ಹೋಗಿ ನಿನ್ನ ಲೆಕ್ಕ ನೋಡ್ಕೊ ಹೋಗು. ಹೋದಳು. ಮತ್ತೆಂದೂ ಇಣುಕಲಿಲ್ಲ.

ಇಷ್ಟು ಹೊತ್ತು ಯಾವತ್ತೂ ಬಿಟ್ಟಿರ್ಲಿಲ್ಲ ಅಲ್ವಾ ಅಕ್ಕಾ? ಇಲ್ಲ ಕಣೇ, ಬಿಟ್ಟಿರ್ಲಿಲ್ಲ. ಬಾ ಇಲ್ಲಿ. ನಾನಾ? ನೀನೇ, ಹಿಡಿ ಈ ಕಂಬಿ, ಹೇಳು, ಯಾವ ಬಣ್ಣ. ಹುಡುಗಿ ಕೈ ಒರೆಸಿಕೊಂಡು ಬರುತ್ತಾಳೆ, ಬೈಸಿಕೊಳ್ಳುವವಳ ಹಾಗೆ ಕಿಟಕಿಗೆ ಹಿಡಿಯುತ್ತಾಳೆ, ಎರಡೂ ಕಣ್ಣು ಅಗಲ ತೆರೆದು, ಹೇಳಲೋ ಬೇಡವೋ ಎಂದು ಇವಳ ಮುಖ ನೋಡಿ — ಹೇಳೇ, ಈ ಸಲ ನನ್ನ ಕಣ್ಣೇ ಸರಿಯಿಲ್ಲ, ಈ ಸಲ ಅಲ್ಲ, ಎರಡು ವರ್ಷದಿಂದ — ಹಳದಿ ಅಕ್ಕಾ, ಇನ್ನೂ ಹಳದಿ, ಅಕ್ಕನ ಬಲಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಬೆಳಕಿನಲ್ಲಿ ಆ ಚೂರು, ಹುಡುಗಿಯ ಕೈಯಲ್ಲಿ ಆ ಚೂರು, ಎಡಗಣ್ಣಿಗೆ ಕಿತ್ತಳೆ.