ಪಿಯಾನೊದ ಹೊಟ್ಟೆಯಲ್ಲಿ

ಮೊದಲು ಅವಳ ಎಡಪಾದದ ಮೇಲೆ ಹರಿದದ್ದು ಬರೀ ತಂಪು. ಎ.ಸಿ. ಗಾಳಿ ಇರಬೇಕೆಂದುಕೊಂಡು ಮೇಘಶ್ರೀ ನುಡಿಸುತ್ತಲೇ ಹೋದಳು. ಗಾಳಿಗೆ ತೂಕವಿರುವುದಿಲ್ಲವಲ್ಲ ಎಂದು ಹೊಳೆದ ಮರುಗಳಿಗೆ ಅವಳ ಮೈಯೆಲ್ಲ ಮುಳ್ಳೆದ್ದಿತು.

ಪುಟ್ಟೇನಹಳ್ಳಿ ಕೆರೆಗೆ ಒಂದು ಬೀದಿ ಈಚೆಗಿರುವ ಆ ನೈಟ್‌ಕ್ಲಬ್ಬು ನೆಲಮಾಳಿಗೆಯಲ್ಲಿತ್ತು. ಭಾನುವಾರದ ಸಂಜೆ. ಕುರ್ಚಿಗಳೆಲ್ಲ ತುಂಬಿ, ಗೋಡೆಗೊರಗಿ ನಿಂತವರೂ ಇದ್ದರು. ಮೇಘಶ್ರೀಯ ಪಿಯಾನೊ, ಸುಮೇಧನ ಆಳೆತ್ತರದ ಬೇಸ್, ಶಿವರಾಜನ ಡ್ರಮ್ಸ್. ಮೂವರ ಜಾಝ್ ತಂಡದ ಮೊದಲ ಆಲ್ಬಂ ಜನರೆದುರೇ ರೆಕಾರ್ಡ್ ಆಗುತ್ತಿತ್ತು. ರೆಕಾರ್ಡಿಂಗಿನ ರಘು ಮಧ್ಯಾಹ್ನವೇ ಬಂದು ಪಿಯಾನೊದ ಕೆಳಭಾಗದ ಹಲಗೆಯನ್ನು ಬಿಚ್ಚಿಟ್ಟಿದ್ದ. "ಇದರೊಳಗೊಂದು ಮೈಕ್ ಇಟ್ರೆ ಕೆಳಗಿನ ಸ್ವರ ಸಖತ್ತಾಗಿ ಸಿಗುತ್ತೆ ಮೇಡಂ" ಎಂದಿದ್ದ. ಹಲಗೆ ಬಿಚ್ಚಿದ ಜಾಗ ಮೇಘಶ್ರೀಯ ಕಾಲೆದುರಿಗೇ ಗುಹೆಯಂತೆ ಬಾಯಿ ತೆರೆದಿತ್ತು. ಅವಳೋ ಬರಿಗಾಲಲ್ಲೇ ನುಡಿಸುವವಳು.

ಕತ್ತು ಬಗ್ಗಿಸದೆ ಕಣ್ಣಷ್ಟೇ ಕೆಳಗಿಳಿಸಿದಳು. ತಂತಿಗಳ ಬುಡದ ಕತ್ತಲಲ್ಲಿ ಸುರುಳಿ ಸುತ್ತಿ ಕೂತಿತ್ತು. ಗೋಧಿ ನಾಗರ. ಬಾಲದ ಕಡೆಯ ಅರ್ಧ ಹೊರಗೆ ಬಂದು ಅವಳ ಪಾದದ ಮೇಲೆ ಬಿದ್ದಿತ್ತು.

ಅಜ್ಜಿಯ ಕಥೆಗಳಲ್ಲಿ ನಾಗಪ್ಪ ನಿಧಿ ಕಾಯುತ್ತಿದ್ದ, ಶಾಪ ಕಳೆದು ರಾಜಕುಮಾರನಾಗುತ್ತಿದ್ದ, ಬಡವಿಯ ಮಗಳಿಗೆ ಅಣ್ಣನಾಗಿ ತವರು ಕಟ್ಟಿಕೊಡುತ್ತಿದ್ದ. ತಣ್ಣಗಿನ ಹಗ್ಗದಂತೆ ಕಾಲ ಮೇಲೆ ಬಿದ್ದುಕೊಂಡರೆ ಏನು ಮಾಡಬೇಕೆಂದು ಮಾತ್ರ ಅಜ್ಜಿ ಹೇಳಿಕೊಟ್ಟಿರಲಿಲ್ಲ.

ಕಿರುಚಬಹುದಿತ್ತು. ಆದರೆ ಮೇಲೆ ಹೋಗಲು ಇದ್ದದ್ದು ಒಂದೇ ಮೆಟ್ಟಿಲ ದಾರಿ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಇಕ್ಕಟ್ಟು. ಹಾವೆಂಬ ಮಾತೊಂದು ಬಿದ್ದರೆ ಈ ಜನರೆಲ್ಲ ಒಬ್ಬರನ್ನೊಬ್ಬರು ತುಳಿದು ಹಾಕುವುದು ಖಂಡಿತ. ಮುಂದಿನ ಸಾಲಿನಲ್ಲೇ, ಮಂಡಿನೋವಿದ್ದರೂ ಜಯನಗರದಿಂದ ತಾವೇ ಕಾರು ಓಡಿಸಿಕೊಂಡು ಪ್ರತಿ ಕಾರ್ಯಕ್ರಮಕ್ಕೂ ಬರುವ ಚೂಡಾಮಣಿ ಆಂಟಿ ಕಣ್ಣುಮುಚ್ಚಿ ತಲೆದೂಗುತ್ತಿದ್ದರು. ಮೊದಲು ಬೀಳುವವರು ಅವರೇ.

ಒಂದು ಸಾಲು ಮುಗಿದಾಗ ವಾಡಿಕೆಯಂತೆ ಅವಳ ಕೈ ಅರೆಗಳಿಗೆ ನಿಂತಿತು. ಕತ್ತಲೊಳಗೆ ಹೆಡೆ ಎದ್ದಿತು. ಬುಸ್ ಎಂದಿತು. ಅವಳ ಎಡಗೈ ತಾನಾಗಿಯೇ ಕೆಳಗಿನ ಸ್ವರಗಳಿಗೆ ಓಡಿ, ಮಗುವನ್ನು ತಟ್ಟಿ ಮಲಗಿಸುವ ಹಾಗೆ ಅವನ್ನೇ ಮತ್ತೆ ಮತ್ತೆ ಒತ್ತತೊಡಗಿತು. ಹೆಡೆ ಇಳಿಯಿತು. ನಾದಕ್ಕೆ ಇಳಿಯಿತೋ ಮರದ ನಡುಕಕ್ಕೆ ಇಳಿಯಿತೋ ದೇವರೇ ಬಲ್ಲ. ಇನ್ನೊಮ್ಮೆ ಪರೀಕ್ಷಿಸಿ ನೋಡುವ ಎದೆ ಅವಳಿಗಿರಲಿಲ್ಲ.

ಅಷ್ಟರಲ್ಲಿ ಸುಮೇಧನ ಸರದಿ ಬಂತು. ಬೇಸ್ ಒಂದೇ ಮಾತಾಡುವ ಹೊತ್ತು, ಪಿಯಾನೊ ಸುಮ್ಮನಾಗಬೇಕು. ಅದು ಸುಮ್ಮನಾಗಲಿಲ್ಲ. ಸುಮೇಧ ತಂತಿ ಮೀಟುತ್ತಲೇ ಅವಳತ್ತ ವಾಲಿ ಹಲ್ಲುಕಚ್ಚಿ ಪಿಸುಗುಟ್ಟಿದ.

"ನನ್ ಸೋಲೋನೂ ನೀನೇ ನುಂಗ್ತೀಯಾ ತಾಯಿ?"

"ಕೆಳಗೆ ನೋಡು. ಕಿರುಚಬೇಡ."

ಅವನು ನೋಡಿದ. ಬೆರಳು ನಿಲ್ಲಲಿಲ್ಲ, ಆದರೆ ಸ್ವರ ಜಾರಿತು. ಹಿಂದೆ ಶಿವರಾಜ ಹುಬ್ಬೇರಿಸಿ ಏನೆಂದು ಕೇಳಿದ. ಸುಮೇಧ ಬೇಸಿನ ಮರೆಯಲ್ಲಿ ಅಂಗೈಯನ್ನು ಹೆಡೆಯಂತೆ ಎತ್ತಿ ತೋರಿಸಿ, ಪಿಯಾನೊದ ಬುಡಕ್ಕೆ ಕಣ್ಣು ಹಾಯಿಸಿದ.

ಹಿಂದಿನ ಗೋಡೆಯ ಬಳಿ ಹೆಡ್‌ಫೋನ್ ಹಾಕಿ ಕೂತಿದ್ದ ರಘುವಿಗೆ ಆ ಬುಸ್ ಎಲ್ಲರಿಗಿಂತ ಚೆನ್ನಾಗಿ ಕೇಳಿತ್ತು. ಅದು ಕೆಟ್ಟ ವೈರಿನ ಸದ್ದೆಂದೇ ಅವನ ಲೆಕ್ಕ. ಜನರ ಕಣ್ಣಿಗೆ ಬೀಳದಂತೆ ಮಂಡಿಯೂರಿ ತೆವಳಿಕೊಂಡು ಪಿಯಾನೊದ ಹತ್ತಿರ ಬರುತ್ತಿದ್ದ. ಮೇಘಶ್ರೀ ಬೇಡವೆಂದು ತಲೆಯಾಡಿಸಿದಳು. ಅವನು 'ನಾನು ನೋಡ್ಕೋತೀನಿ' ಎಂಬಂತೆ ಹೆಬ್ಬೆರಳೆತ್ತಿ, ಗುಹೆಯೊಳಕ್ಕೆ ಕೈ ನೀಡಿದ.

ಅವಳ ಎಡಗೈ ನಿಲ್ಲುವಂತಿರಲಿಲ್ಲ. ಬಲಗೈ ಹಾರಿ ರಘುವಿನ ಕೂದಲನ್ನು ಹಿಡಿದು ಎಳೆಯಿತು.

"ಅಯ್ಯೋ! ಏನ್ ಮೇಡಂ—" ಎಂದವನು ಅವಳ ಕಾಲು ಕಂಡ. ನೀಡಿದ ಕೈ ಹಿಂದಕ್ಕೆಳೆದುಕೊಂಡ.

"ಉಸಿರೆತ್ತಬೇಡ. ಜನಾನ ಮೇಲೆ ಕಳ್ಸು."

"ಏನಂತ ಕಳ್ಸ್ಲಿ?"

"ಏನಾದ್ರೂ ಹೇಳೋ ಮಾರಾಯ!"

ರಘು ಹಿಂದೆ ಹಿಂದೆ ಸರಿದು ಎದ್ದು ಮೈಕ್ ಹಿಡಿದ. ಅವನ ದನಿ ಮೇಕೆಮರಿಯಂತೆ ಒಡೆದಿತ್ತು. "ಫ್ರೆಂಡ್ಸ್, ಸಣ್ಣ ಬ್ರೇಕ್. ಮೇಲ್ಗಡೆ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ. ಫ್ರೀ! ನಿಧಾನ, ಎಲ್ರಿಗೂ ಸಿಗುತ್ತೆ."

ಪುಕ್ಕಟೆ ಬಜ್ಜಿಗೆ ಏಳದವರುಂಟೆ? ನಗುತ್ತ ಹರಟುತ್ತ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಚೂಡಾಮಣಿ ಆಂಟಿ ಮಾತ್ರ ಅಲ್ಲಾಡಲಿಲ್ಲ.

"ಕರಿದದ್ದು ನಂಗಾಗಲ್ಲಪ್ಪ. ಈ ಹುಡುಗಿ ಪಾಪ ಇನ್ನೂ ನುಡಿಸ್ತಾನೇ ಇದಾಳೆ, ನೀವೆಲ್ಲ ತಿನ್ನೋಕ್ ಓಡ್ತೀರ. ನಾಚಿಕೆ ಆಗಲ್ವಾ?"

ಮೇಘಶ್ರೀಯ ಎಡಗೈ ಮೊಣಕೈವರೆಗೂ ಉರಿಯುತ್ತಿತ್ತು. ಪಾದದ ಮೇಲಿನ ತೂಕ ಒಂದಿಷ್ಟು ಮುಂದೆ ಸರಿಯಿತು. ಅವಳ ಕಣ್ಣಲ್ಲಿ ನೀರು ತುಂಬಿತು.

ಆಗ ಶಿವರಾಜ ಡ್ರಮ್ಸಿನ ಹಿಂದಿನಿಂದಲೇ ಕೂಗಿದ. "ಆಂಟಿ, ನಿಮ್ ಕಾರ್ ಗೇಟಿಗೆ ಅಡ್ಡ ಇದೆಯಂತೆ! ಎಳ್ಕೊಂಡು ಹೋಗೋಕೆ ಗಾಡಿ ಬಂದಿದೆ!"

"ಯಾವನವನು? ನಾನು ಗೆರೆ ಒಳಗೇ ನಿಲ್ಸಿದೀನಿ!" ಆಂಟಿ ಮಂಡಿನೋವು ಮರೆತು ಎದ್ದರು. ರಘು ಅವರ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ.

ಬಾಗಿಲು ಮುಚ್ಚಿತು.

"ನೀವಿಬ್ರೂ ಹೋಗ್ರೋ" ಎಂದಳು ಮೇಘಶ್ರೀ.

"ನಂಗೆ ಕಾಲೇ ಬರ್ತಿಲ್ಲ ಮಗಾ" ಎಂದ ಶಿವರಾಜ. ಅವನ ಕಡ್ಡಿಗಳು ಮಾತ್ರ ಅವಳ ಎಡಗೈಗೆ ತಕ್ಕಂತೆ ಮೆಲ್ಲಗೆ ಬೀಳುತ್ತಲೇ ಇದ್ದವು. ಸುಮೇಧನೂ ಮೀಟುವುದನ್ನು ಬಿಡಲಿಲ್ಲ. ಖಾಲಿ ಕುರ್ಚಿಗಳಿಗೆ ಮೂವರೂ ನುಡಿಸಿದರು.

ಎಷ್ಟು ಹೊತ್ತೋ. ಪಾದ ಹಗುರಾಯಿತು. ಹಾವು ಇಡೀ ಮೈ ಹೊರಗೆಳೆದುಕೊಂಡು, ವೈರುಗಳ ನಡುವೆ ವೈರಿನಂತೆಯೇ ಹರಿಯಿತು. ಮೇಘಶ್ರೀ ಎರಡೂ ಕಾಲನ್ನು ಬೆಂಚಿನ ಮೇಲೆಳೆದುಕೊಂಡಳು. ಅದು ಕತ್ತಲು ಹುಡುಕುತ್ತಿತ್ತು. ಶಿವರಾಜ ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ಮಿನ ಮುಂಬದಿಯಲ್ಲಿ, ಮೈಕಿಗೆಂದು ಕೊರೆದ ಬಟ್ಟಲಗಲದ ತೂತು. ಸದ್ದು ಮೆತ್ತಗಾಗಲೆಂದು ಒಳಗೆ ತುರುಕಿದ ಹಳೇ ಕಂಬಳಿ. ಹಾವು ತಲೆ ತೂರಿಸಿತು. ಮೈ ಹೋಯಿತು. ಬಾಲವೂ ಹೋಯಿತು.

"ಶಿವು, ಕಾಲು ಅಲ್ಲಾಡಿಸಬೇಡ" ಎಂದ ಸುಮೇಧ.

ಬೇಸನ್ನು ನೆಲಕ್ಕೊರಗಿಸಿ, ಸ್ಟ್ಯಾಂಡಿನಿಂದ ಕಂಚಿನ ಸಿಂಬಲ್ ತಟ್ಟೆಯೊಂದನ್ನು ಕಳಚಿ, ಆ ತೂತಿನ ಮೇಲೆ ಒತ್ತಿಹಿಡಿದ. ಕಂಚು ಡ್ರಮ್ಮಿನ ಅಂಚಿಗೆ ತಾಗಿ ಝಣಝಣ ಎಂದಿತು. ಮೇಘಶ್ರೀ ಬೆಂಚಿನಿಂದ ಹಾರಿ ಬಂದು ತನ್ನೆರಡೂ ಅಂಗೈಗಳನ್ನು ಅವನ ಕೈ ಪಕ್ಕ ಇಟ್ಟಳು. ಶಿವರಾಜ ಅಂಬೆಗಾಲಿಕ್ಕುತ್ತ ಬಂದು ತನ್ನದನ್ನೂ ಇಟ್ಟ.

ಮೇಲಿನಿಂದ ರಘು ಬಾಗಿಲಲ್ಲಿ ಮುಖ ತೂರಿಸಿದ. "ಫೋನ್ ಮಾಡ್ದೆ. ಹಾವು ಹಿಡಿಯೋರು ಜರಗನಹಳ್ಳಿ ಸಿಗ್ನಲ್ ಹತ್ರ ಇದಾರಂತೆ. ಫುಲ್ ಜಾಮು. ಹಿಡ್ಕೊಂಡಿರಿ."

ಬಾಗಿಲು ಮತ್ತೆ ಮುಚ್ಚಿತು. ಅದರಾಚೆ ಜನರ ನಗು, ಚೂಡಾಮಣಿ ಆಂಟಿ ಯಾರನ್ನೋ ಬೈಯುವ ದನಿ. ಈಚೆ ಮೂವರ ಉಸಿರು. ಡ್ರಮ್ಮಿನೊಳಗೆ ಕಂಬಳಿ ಸರಿದ ಸದ್ದಾಯಿತು, ಆಮೇಲೆ ಬುಸ್ಸೆಂದಿತು. ಕಿವಿಗಿಂತ ಮೊದಲು ಅದು ಮೇಘಶ್ರೀಯ ಅಂಗೈಗೆ ಕೇಳಿಸಿತು, ಕಂಚಿನಲ್ಲಿ ಸಣ್ಣಗೆ.

"ಕೈ ತೆಗೀಬೇಡ ಕಣೆ" ಎಂದ ಶಿವರಾಜ.

"ನೀನು ತೆಗೀಬೇಡ" ಎಂದಳು ಅವಳು, ಇನ್ನಷ್ಟು ಬಲವಾಗಿ ಒತ್ತುತ್ತ.