ಆಸ್ಪತ್ರೆ ಬೀದಿಯ ದಿಡ್ಡಿ

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಈ ಗಾದೆ ಎಲ್ಲ ಊರಿನ ಪೊಲೀಸರಿಗೂ ಒಪ್ಪುತ್ತದೆ. ಡ್ಯಾನ್ಯೂಬ್ ದಂಡೆಯ ನಮ್ಮೂರಿನ ಇನ್‌ಸ್ಪೆಕ್ಟರ್ ಇಸ್ಕ್ರಾ ಮಿನೆವಾಳದು ಮಾತ್ರ ಉಲ್ಟಾ ಕಥೆ. ಎಲ್ಲರೂ ಹಾಕಲು ಹೊರಟಿದ್ದ ದಿಡ್ಡಿಯನ್ನು ಅವಳು ತೆಗೆಸಬೇಕಿತ್ತು.

ಮೇ ತಿಂಗಳಲ್ಲಿ ಒಂಬತ್ತು ದೇಶಗಳ ಮಂತ್ರಿಗಳು ನದಿಯ ವಿಚಾರ ಮಾತಾಡಲು ಬರುವವರಿದ್ದರು. ಬಂದೋಬಸ್ತಿನ ಯೋಜನೆಯನ್ನು ರಾಜಧಾನಿ ಸೋಫಿಯಾದಿಂದ ಕಮಿಷನರ್ ಬೊಯಾಜಿಯೆವ್ ಹೊತ್ತು ತಂದ. ರಾಜಧಾನಿಯವರಿಗೆ ನಮ್ಮೂರೆಂದರೆ ನಕ್ಷೆಯ ಮೇಲೆ ನೊಣ ಕೂತ ಗುರುತು. ಸೇತುವೆಯಿಂದ ಸಭಾಭವನದವರೆಗೆ ಕಸದ ಡಬ್ಬಿ ಇರಕೂಡದು, ಮ್ಯಾನ್‌ಹೋಲ್‌ಗಳಿಗೆ ಮೊಹರು ಬೀಳಬೇಕು, ಕಂಬಗಳ ಮೇಲೆ ಒಂದು ಚೂರು ಕಾಗದವೂ ಕಾಣಬಾರದು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆಸ್ಪತ್ರೆ ಬೀದಿಯ ಬಾಯಿಗೆ ಕಾಂಕ್ರೀಟ್ ದಿಮ್ಮಿ ಇಟ್ಟು ಮುಚ್ಚಬೇಕು ಎಂದೂ ಬರೆದಿತ್ತು. ಇಸ್ಕ್ರಾ ಆ ಸಾಲಿನ ಕೆಳಗೆ ಗೆರೆ ಎಳೆದಳು.

ನಾಲ್ಕು ವರ್ಷದ ಹಿಂದೆ, ಸೇತುವೆಯ ವಾರ್ಷಿಕೋತ್ಸವದ ದಿನ, ಅದೇ ಮೂಲೆಯ ಬ್ಯಾರಿಕೇಡ್ ಕಾದವಳು ಅವಳೇ. ಆಂಬುಲೆನ್ಸ್ ಬಂದು ನಿಂತಿತು. ದೊಡ್ಡವರ ಕಾರುಗಳು ದಾಟುವವರೆಗೆ ಯಾರನ್ನೂ ಬಿಡಬೇಡ ಎಂದು ವೈರ್‌ಲೆಸ್ಸಿನಲ್ಲಿ ಅಪ್ಪಣೆಯಾಯಿತು. ಅವಳು ಬಿಡಲಿಲ್ಲ. ಒಳಗಿದ್ದವನು ಹಡಗು ಕಟ್ಟೆಯ ವೆಲ್ಡರ್ ದೊಬ್ರಿ. ಹನ್ನೊಂದು ನಿಮಿಷ ಕಾದು ಅಲ್ಲೇ ಸತ್ತ. ತನಿಖೆ ನಡೆದು ಯಾರ ತಪ್ಪೂ ಅಲ್ಲ ಎಂದಾಯಿತು. ಇಸ್ಕ್ರಾ ಮಾತ್ರ ಆ ತೀರ್ಪನ್ನು ಒಂದು ದಿನವೂ ನಂಬಲಿಲ್ಲ.

ಸಭೆಯಲ್ಲಿ ಅವಳು ದಿಮ್ಮಿ ಬೇಡವೆಂದಳು. ಆಂಬುಲೆನ್ಸುಗಳು ರೈಲು ನಿಲ್ದಾಣದ ಕಡೆಯಿಂದ ಸುತ್ತಿ ಹೋಗಲಿ ಎಂದ ಬೊಯಾಜಿಯೆವ್. ಸುತ್ತಿದರೆ ಹದಿನಾಲ್ಕು ನಿಮಿಷ, ನೇರ ಹೋದರೆ ಮೂರು. ಮೂರು ಸಲ ಗಾಡಿ ಓಡಿಸಿ ಗಡಿಯಾರ ಹಿಡಿದು ನೋಡಿದ್ದೇನೆ ಎಂದಳು. ಅವನು ಚೀಸ್ ತುಂಬಿದ ಬಾನಿತ್ಸಾ ಮುರಿದು ಬಾಯಿಗಿಟ್ಟುಕೊಂಡು, ಆಂಬುಲೆನ್ಸಿನೊಳಗೇ ಬಾಂಬು ಬಂದರೆ ಏನು ಮಾಡುತ್ತೀ ಎಂದು ಕೇಳಿದ. ಪ್ರಶ್ನೆ ಸರಿಯಾದದ್ದೇ. ಅವಳು ಅದನ್ನು ಬರೆದುಕೊಂಡಳು. ಮೊದಲು ಕಂಬಗಳ ಕಾಗದ ಕೀಳಿಸು ಹೋಗು ಎಂದು ಕಳಿಸಿಬಿಟ್ಟ.

ಕಂಬಗಳ ಮೇಲೆ ಇರುವುದಾದರೂ ಏನು? ನಮ್ಮ ಸತ್ತವರ ನೆನಪಿಗೆ ಮನೆಯವರು ಅಂಟಿಸುವ ಹಾಳೆಗಳು. ಫೋಟೊ, ಹೆಸರು, ನಲವತ್ತನೇ ದಿನಕ್ಕೊಂದು, ಆರು ತಿಂಗಳಿಗೊಂದು, ವರ್ಷಕ್ಕೊಂದು. ಮಳೆ ಬಂದು ತಾನಾಗಿ ಕಳಚುವವರೆಗೆ ಯಾರೂ ಮುಟ್ಟುವುದಿಲ್ಲ. ಕೀಳಲು ಕಳಿಸಿದ ಇಬ್ಬರು ಪೇದೆಗಳು ಬರಿಗೈಯಲ್ಲಿ ಬಂದು, ಬೇಕಾದರೆ ಸಂಬಳ ಹಿಡಿಯಿರಿ ಎಂದರು. ಇಸ್ಕ್ರಾ ತಾನೇ ಹೋದಳು. ಮನೆಮನೆಯ ಬಾಗಿಲು ತಟ್ಟಿ ಕೇಳಿ, ಒಪ್ಪಿಸಿ, ಒಂದೊಂದೇ ಬಿಡಿಸಿದಳು. ಆಸ್ಪತ್ರೆ ಬೀದಿಯ ಮೂಲೆಗೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಆ ಕಂಬದ ಮೇಲೆ ದೊಬ್ರಿಯ ಹಾಳೆ. ಹೆಸರಿನ ಕೆಳಗೆ ಒಂದೇ ಸಾಲು: ‘ಇಲ್ಲಿ ಹನ್ನೊಂದು ನಿಮಿಷ ಕಾದೆವು.’ ಪಕ್ಕದ ಬೆಂಚಿನಲ್ಲಿ ಅವನ ಹೆಂಡತಿ ರಾದ್ಕಾ ಅಜ್ಜಿ ಸೂರ್ಯಕಾಂತಿ ಬೀಜ ಬಿಡಿಸುತ್ತ ಕೂತಿದ್ದಳು.

“ಕೀಳು ಮಗಳೇ. ಮತ್ತೆ ಅಂಟಿಸ್ತೀನಿ. ನನಗೇನು ಬೇರೆ ಕೆಲಸ ಇದ್ಯಾ?”

ಇಸ್ಕ್ರಾಳ ಕೈ ಮೇಲೇಳಲಿಲ್ಲ. “ಅಜ್ಜಿ, ಅವತ್ತು ಇಲ್ಲಿ ನಿಂತಿದ್ದವಳು ನಾನೇ.”

“ಗೊತ್ತು. ಗಾಡಿಯೊಳಗೆ ನಾನೂ ಇದ್ದೆನಲ್ಲ. ನೀನು ಟೋಪಿ ಕೆಳಗೆ ಅಳ್ತಾ ಇದ್ದೆ. ನೀನು ಅತ್ರೆ ಗಾಡಿ ಮುಂದಕ್ಕೆ ಹೋಗುತ್ತಾ?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಸ್ಕ್ರಾಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆಮೇಲೆ ತನ್ನ ಮೇಲೇ ಸಿಟ್ಟು ಬಂತು. ಹಾಳೆಯನ್ನು ಹರಿಯದಂತೆ ಬಿಡಿಸಿ, ಇದು ಎರಡು ದಿನ ನನ್ನ ಹತ್ತಿರ ಇರಲಿ ಎಂದು ಕೇಳಿ ತೆಗೆದುಕೊಂಡು, ಅಲ್ಲಿಂದ ನೇರ ಆಸ್ಪತ್ರೆಗೆ ನಡೆದಳು.

ಎರಡು ದಿನದಲ್ಲಿ ಬಾಂಬಿನ ಪ್ರಶ್ನೆಗೆ ಉತ್ತರ ಸಿದ್ಧವಾಯಿತು. ಊರಲ್ಲಿರುವುದು ಆರೇ ಆಂಬುಲೆನ್ಸು. ಬೆಳಗ್ಗೆ ತಪಾಸಣೆ ಮುಗಿದ ಕೂಡಲೇ ಒಂದೊಂದರಲ್ಲಿ ಒಬ್ಬ ಪೊಲೀಸ್ ಕೂರುತ್ತಾನೆ, ಸಂಜೆವರೆಗೆ ಇಳಿಯುವುದಿಲ್ಲ. ದಿಮ್ಮಿಯ ಬದಲು ನಗರಸಭೆಯ ಮರಳು ಲಾರಿ ಅಡ್ಡ ನಿಲ್ಲುತ್ತದೆ, ಎಂಜಿನ್ ಆರುವುದಿಲ್ಲ, ಚಾಲಕ ಸ್ತಾಮೆನ್ ಸೀಟು ಬಿಡುವುದಿಲ್ಲ. ಆಂಬುಲೆನ್ಸ್ ಬಂದರೆ ಲಾರಿ ಹಿಂದೆ ಸರಿಯುತ್ತದೆ; ಅಷ್ಟು ಹೊತ್ತು ಮಂತ್ರಿಗಳ ಕಾರುಗಳು ಕಾವಲಿರುವ ಸೇತುವೆಯ ಬುಡದಲ್ಲೇ ನಿಲ್ಲುತ್ತವೆ.

ಕಾರು ನಿಲ್ಲುವ ಮಾತು ಕೇಳಿ ಬೊಯಾಜಿಯೆವ್ ನಕ್ಕುಬಿಟ್ಟ. “ಒಂಬತ್ತು ದೇಶದವರು ನಿಮ್ಮೂರಿನ ಯಾರದೋ ಹೊಟ್ಟೆನೋವಿಗೆ ಕಾಯಬೇಕೇನಮ್ಮಾ?”

ಇಸ್ಕ್ರಾ ಚೀಲದಿಂದ ಹಾಳೆ ತೆಗೆದು ನಕ್ಷೆಯ ಮೇಲೆ, ಆ ಮೂಲೆಗೇ, ಪಿನ್ನು ಚುಚ್ಚಿದಳು. “ಕಾಯಬೇಕು ಸರ್. ಆಗಲ್ಲ ಅಂದ್ರೆ ಇದರ ಕೆಳಗೆ ಸಹಿ ಹಾಕಿ. ಮುಂದಿನವರ ಹೆಸರಿಗೆ ಜಾಗ ಬಿಟ್ಟಿದ್ದೀನಿ.”

ಬೊಯಾಜಿಯೆವ್ ಹಾಳೆಯನ್ನು ಎರಡು ಸಲ ಓದಿದ. ಕಡೆಗೆ ಅವಳ ಯೋಜನೆಯನ್ನು ಎಳೆದುಕೊಂಡು, ಏನೇ ಆದರೂ ಹೊಣೆ ಮಿನೆವಾಳದು ಎಂದು ಬರೆದು ಸಹಿ ಹಾಕಿದ.

ಮಂತ್ರಿಗಳು ಬಂದ ದಿನ ಹತ್ತೂಕಾಲಕ್ಕೆ ಕಾರುಗಳು ಸೇತುವೆ ಇಳಿಯತೊಡಗಿದವು. ಅದೇ ಗಳಿಗೆಯಲ್ಲಿ ಮೂರನೇ ನಂಬರಿನ ಆಂಬುಲೆನ್ಸ್ ಕೂಗುತ್ತ ಬಂತು. ಒಳಗಿದ್ದ ಪೊಲೀಸ್ ಎಲ್ಲ ಸರಿಯಿದೆ ಎಂದು ಕಿಟಕಿಯಿಂದ ಕೈ ಎತ್ತಿದ. ಇಸ್ಕ್ರಾ ವೈರ್‌ಲೆಸ್ಸಿನಲ್ಲಿ ಕಾರು ನಿಲ್ಲಿಸಲು ಹೇಳಿದಳು. ಎರಡೇ ನಿಮಿಷ, ಅವರು ದಾಟಿಹೋಗಲಿ, ಲಾರಿ ಅಲುಗಾಡಿಸಬೇಡ ಎಂದ ಅತ್ತಲಿಂದ ಬೊಯಾಜಿಯೆವ್. ನಾಲ್ಕು ವರ್ಷದ ಹಿಂದಿನ ದನಿ ಇದೇ ಧಾಟಿಯದು.

“ನಿಮ್ಮ ಸಹಿ ಇದೆ ಸರ್. ಕಾರು ನಿಲ್ಲಿಸಿ.” ಸ್ತಾಮೆನ್‌ಗೆ ಕೈ ಬೀಸಿದಳು.

ಲಾರಿ ಹಿಂದೆ ಸರಿಯಿತು. ಸೇತುವೆಯ ಬುಡದಲ್ಲಿ ಮೊದಲ ಕಾರು ನಿಂತಿತು, ಹಿಂದಿನವೂ ನಿಂತವು. ಆಂಬುಲೆನ್ಸ್ ಒಳಗೆ ಹೋಯಿತು, ಲಾರಿ ಮತ್ತೆ ಅಡ್ಡ ಬಂತು. ಒಟ್ಟು ನಲವತ್ತು ಸೆಕೆಂಡು. ಯಾವ ಮಂತ್ರಿಯ ಗಂಟೂ ಹೋಗಲಿಲ್ಲ. ಒಳಗೆ ಯಾರಿದ್ದರು, ಉಳಿದರೋ ಇಲ್ಲವೋ ಎಂದು ಇಸ್ಕ್ರಾ ಆಗ ಕೇಳಲಿಲ್ಲ. ಹನ್ನೆರಡನೇ ಕಾರು ದಾಟುವವರೆಗೆ ಮೂಲೆ ಬಿಟ್ಟು ಕದಲಲಿಲ್ಲ.

ಮರುದಿನ ಹಾಳೆ ಹಿಡಿದು ಕಂಬದ ಹತ್ತಿರ ಹೋದಳು. ರಾದ್ಕಾ ಅಜ್ಜಿ ಅಂಟಿನ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದಳು. ಲಾರಿ ಸರಿದದ್ದನ್ನು ಕಿಟಕಿಯಿಂದ ನೋಡಿದ್ದಳಂತೆ. ಹೊಗಳಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಬ್ರಷ್ಷನ್ನು ಅಂಟಿನಲ್ಲಿ ಅದ್ದಿ ಅವಳ ಕೈಗೆ ಕೊಟ್ಟಳು.

“ನನಗೆ ಮೇಲಕ್ಕೆ ಕೈ ಎಟುಕಲ್ಲ. ಇನ್ಮೇಲೆ ನೀನೇ ಅಂಟಿಸು.”

ಹನ್ನೊಂದು ನಿಮಿಷದ ಸಾಲು ಹಾಗೇ ಇತ್ತು. ಇಸ್ಕ್ರಾ ಅದನ್ನು ಅಂಗೈಯಿಂದ ಒತ್ತಿ, ಒಂದು ಮೂಲೆಯೂ ಏಳದಂತೆ ಅಂಟಿಸಿದಳು.