ಖಾರದ ಕರ್ಚಿಕಾಯಿ ಕಚ್ಚಿದವಳ ಮಾತು

ಆ ವರ್ಷದ ಕ್ರಿಸ್‌ಮಸ್ಸನ್ನು ಎಸ್ತೇರಳಿಗೆ ಕೋರ್ಟು ಅಳೆದು ಕೊಟ್ಟಿತ್ತು. ಹಬ್ಬದ ದಿನವೇ ಬ್ಯಾಡಗಿಯ ಮನೆಯಲ್ಲಿ ಯಾರದೋ ಕೂಸಿಗೆ ಹೆಸರಿಡುವ ಕಾರ್ಯ ಇದ್ದುದರಿಂದ ಮಗಳು ಕೃಪಾ ಅಂದು ಅಪ್ಪನ ಹತ್ತಿರವೇ ಇರಬೇಕು. ತಾಯಿಗೆ ಸಿಕ್ಕಿದ್ದು ಹಿಂದಿನ ದಿನ, ಅದೂ ಹಗಲು ಮಾತ್ರ. ಕತ್ತಲಾಗುವುದರೊಳಗೆ ಅಪ್ಪ ಹಾವೇರಿಯ ಎಸ್ತೇರಳ ತವರಿಗೆ ಬಂದು ಕರೆದುಕೊಂಡು ಹೋಗುತ್ತಾನೆ. ಹೀಗಾಗಿ ಎಸ್ತೇರ್ ಒಂದು ತಿಂಗಳ ಸಡಗರವನ್ನೆಲ್ಲ ಒಂದೇ ಹಗಲಿನೊಳಗೆ ತುರುಕಲು ಟೊಂಕ ಕಟ್ಟಿ ನಿಂತಿದ್ದಳು.

ಎಸ್ತೇರ್ ಕ್ರೈಸ್ತರ ಮಗಳು, ಗಂಡ ವಿಜಯಮಹಾಂತೇಶ ಲಿಂಗಾಯತರ ಮಗ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಎರಡೂ ಮನೆಯವರನ್ನು ಎದುರು ಹಾಕಿಕೊಂಡು ರಾಣೆಬೆನ್ನೂರಿನಲ್ಲಿ ರಿಜಿಸ್ಟರ್ ಮದುವೆಯಾದರು. ಆಮೇಲೆ ಎದುರು ಹಾಕಿಕೊಳ್ಳಲು ಬೇರೆ ಯಾರೂ ಉಳಿಯದೆ ಒಬ್ಬರನ್ನೊಬ್ಬರು ಎದುರು ಹಾಕಿಕೊಂಡರು. ಮಗಳಿಗೆ ಎರಡೂ ಕಡೆ ನಡೆಯುವಂಥ ಹೆಸರಿಟ್ಟದ್ದೊಂದೇ ಅವರು ಜಗಳವಿಲ್ಲದೆ ಮಾಡಿದ ಕೆಲಸ. ಎಸ್ತೇರ್ ಮುನಿಸಿಕೊಂಡು ತವರಿಗೆ ಬಂದಾಗ ಶಾಲೆ ತಪ್ಪಬಾರದೆಂದು ಮಗಳನ್ನು ಬ್ಯಾಡಗಿಯಲ್ಲೇ ಬಿಟ್ಟು ಬಂದಳು. ನಾಲ್ಕು ದಿನಕ್ಕೆಂದು ಬಿಟ್ಟದ್ದು ಎರಡು ವರ್ಷವಾಯಿತು. ಈಗ ಜನವರಿಯಲ್ಲಿ ಜಡ್ಜ್ ಸಾಹೇಬರು ಕೃಪಾಳನ್ನು ತಮ್ಮ ಕೋಣೆಗೆ ಕರೆದು, ಯಾರ ಹತ್ತಿರ ಇರುತ್ತೀ ಎಂದು ಕೇಳುವವರಿದ್ದರು.

“ಹುಡುಗಿ ಇದ್ದಲ್ಲೇ ಆರಾಮ ಅದಾಳ ಅಂತ ಅವರ ವಾದ ಐತ್ರಿ,” ಎಂದು ವಕೀಲೆ ಶಬನಮ್ ಹೇಳಿದ್ದಳು. “ಆಕಿನ ತನ್ನ ಬಾಯಿಲೆ ಅವ್ವನ ಕಡೆ ಇರ್ತೇನಿ ಅಂದ್ರ ನಮಗ ದಾರಿ ಐತಿ. ಇಲ್ಲಂದ್ರ ಕೇಸ್ ಕೈ ಬಿಟ್ಟಂಗ.”

ಆ ಮಾತು ಕೇಳಿದಂದಿನಿಂದ ಎಸ್ತೇರ್ ತಾನು ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ಒಂದೇ ಅಂಚನ್ನು ಎರಡೆರಡು ಸಲ ಹೊಲಿಯುತ್ತಿದ್ದಳು. ಒಂಬತ್ತು ವರ್ಷದ ಕೂಸಿನ ಬಾಯಿಂದ ಒಂದು ಮಾತು ಬರಬೇಕು, ಅಷ್ಟೇ. ಆ ಮಾತಿಗಾಗಿ ಅವಳು ಯಾವ ಸಂತನ ಮುಂದೆಯೂ ಊರದಷ್ಟು ಮೊಣಕಾಲೂರಲು ತಯಾರಿದ್ದಳು.

ಕೃಪಾ ಬಂದಳು. ಬಂದವಳಿಗೆ ನೀರು ಕುಡಿಯಲೂ ಬಿಡದೆ ಹಬ್ಬ ಶುರುವಾಯಿತು. ಬಾಲಯೇಸುವನ್ನು ಮಲಗಿಸುವ ಪುಟ್ಟ ಗೋದಲಿಯ ಸುತ್ತ ಹುಲ್ಲು ಬೇಕೆಂದು ಮಕ್ಕಳು ಎರಡು ವಾರ ಮೊದಲೇ ತಟ್ಟೆಯಲ್ಲಿ ರಾಗಿ ಬಿತ್ತಿ, ದಿನಾ ನೀರು ಹಾಕಿ, ಇವತ್ತು ಎಷ್ಟು ಬಂತೆಂದು ನೋಡುತ್ತ ಬೆಳೆಸುವುದು ವಾಡಿಕೆ. ಇಲ್ಲಿ ಎಸ್ತೇರಳೇ ಬಿತ್ತಿ ಬೆಳೆಸಿಟ್ಟಿದ್ದಳು, ಮಗಳ ಕೈಯಿಂದ ಒಂದು ಚಮಚ ನೀರು ಹಾಕಿಸಿ ಚಪ್ಪಾಳೆ ತಟ್ಟಿದಳು. ನಕ್ಷತ್ರದ ದೀಪ ಹಗಲಿನಲ್ಲಿ ಕಾಣುವುದಿಲ್ಲವೆಂದು ಕಿಟಕಿಗೆಲ್ಲ ಚಾದರ ಕಟ್ಟಿ ಕತ್ತಲೆ ಮಾಡಿದಳು. ರಾತ್ರಿ ಮನೆಮನೆಗೆ ಹಾಡುತ್ತ ಬರುವ ಚರ್ಚಿನ ಹುಡುಗರನ್ನು ಕಾಡಿ ಬೇಡಿ ನಡುಮಧ್ಯಾಹ್ನಕ್ಕೇ ಕರೆಸಿದಳು. ಅವರು ಬೆವರು ಒರೆಸಿಕೊಳ್ಳುತ್ತ ಶಾಂತರಾತ್ರಿಯ ಬಗ್ಗೆ ಹಾಡಿದರು.

ಪಕ್ಕದ ಮನೆಯ ಮುಮ್ತಾಜಬಿ ಬಾಗಿಲಿಗೆ ಬಂದು, “ಏನವಾ ಎಸ್ತೇರ, ನಿಮ್ಮ ಹಾಡಿನವ್ರು ಈ ಸಲ ಬಿಸಲಾಗ ಬಂದಾರಲ್ಲ?” ಎಂದಳು.

“ಬಾಲಯೇಸುಗ ಹುಟ್ಟಾಕ ಪುರಸೊತ್ತ ಕೊಡವಲ್ಲಳು ನನ್ನ ಮಗಳು,” ಎಂದು ಒಳಗಿನಿಂದ ಎಸ್ತೇರಳ ತಾಯಿ ಸುವಾರ್ತವ್ವ ಕೂಗಿದಳು.

ಎಸ್ತೇರಳಿಗೆ ನಗು ಬರಲಿಲ್ಲ. ಒಂದೊಂದು ಮುಗಿದಾಗಲೂ ಮಗಳ ಮುಖವನ್ನೇ ನೋಡಿ, “ಚೊಲೊ ಐತಿಲ್ಲ? ಅಲ್ಲೆ ಹಿಂಗೆಲ್ಲ ಮಾಡ್ತಾರೇನ?” ಎಂದು ಕೇಳುತ್ತಿದ್ದಳು. ಕೃಪಾ “ಹೂಂ” ಅನ್ನುತ್ತಿದ್ದಳು, “ಇಲ್ಲ” ಅನ್ನುತ್ತಿದ್ದಳು. ಬಾಯಿಪಾಠ ಒಪ್ಪಿಸುವ ಹುಡುಗಿಯ ಹಾಗೆ ನೆಟ್ಟಗೆ ಕುಳಿತಿದ್ದಳು. ಎಷ್ಟು ಕೊಟ್ಟರೂ ಸಾಲದೆಂದು ತಾಯಿಗೆ ಅನ್ನಿಸುತ್ತಿತ್ತು, ಎಷ್ಟು ಬೇಡವೆಂದರೂ ನಿಲ್ಲುವುದಿಲ್ಲವೆಂದು ಕೂಸಿಗೆ ಗೊತ್ತಾಗಿತ್ತು.

ಉಳಿದದ್ದು ಕರ್ಚಿಕಾಯಿ. ಎಸ್ತೇರಳ ನಂಬಿಕೆಯೆಲ್ಲ ಅದರ ಮೇಲೇ ಇತ್ತು.

ಆ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಎಲ್ಲರೂ ನೆಲದ ಮೇಲೆ ಸುತ್ತಲೂ ಕುಳಿತು ಕರ್ಚಿಕಾಯಿ ಮಾಡುತ್ತಾರೆ. ಪುಟಾಣಿ, ಕೊಬ್ಬರಿ, ಸಕ್ಕರೆಯ ಹೂರಣದ ಬದಲು ಒಂದೇ ಒಂದರಲ್ಲಿ ಖಾರಪುಡಿ ತುಂಬಿ ಉಳಿದವುಗಳ ಜೊತೆ ಬೆರೆಸಿಬಿಡುತ್ತಾರೆ. ಖಾರದ್ದನ್ನು ಕಚ್ಚಿದವರು ಏನು ಕೇಳಿದರೂ ಮನೆಯವರು ನಡೆಸಿಕೊಡಬೇಕು, ಇಲ್ಲ ಅನ್ನುವಂತಿಲ್ಲ. ಎಸ್ತೇರಳ ಅಪ್ಪ ಬದುಕಿದ್ದಾಗ ಹಾಕಿಕೊಟ್ಟ ಪದ್ಧತಿ. ಹುಡುಗಿಯರು ಸೈಕಲ್ಲು ಹೊಡೆಯಬಾರದೆನ್ನುತ್ತಿದ್ದ ಆ ಮನುಷ್ಯ, ಮಗಳು ಖಾರ ಕಚ್ಚಿ ಸೈಕಲ್ಲು ಕೇಳಿದ ತಪ್ಪಿಗೆ ಮರುದಿನ ತಾನೇ ಹಿಂದಿನಿಂದ ಹಿಡಿದು ಓಡಿದ್ದ.

ಎಸ್ತೇರ್ ಖಾರದ್ದರ ಅಂಚನ್ನು ಬೇರೆ ಥರ ಮಡಚಿ ಗುರುತು ಮಾಡಿದಳು. ಸುವಾರ್ತವ್ವ ನೋಡಿದಳು.

“ಮೋಸ ಮಾಡಬ್ಯಾಡ. ಅದು ಆಟ ಐತಿ,” ಎಂದಳು ಮೆಲ್ಲಗೆ.

“ನನಗ ಆಟ ಅಲ್ಲಬೇ,” ಎಂದಳು ಎಸ್ತೇರ್.

ಆಮೇಲೆ ಮಗಳ ಹತ್ತಿರ ಸರಿದು, ತಲೆ ನೇವರಿಸುತ್ತ, “ಖಾರದ್ದು ನಿನಗ ಬಂದ್ರ ಏನ ಕೇಳ್ತಿ? ಅವ್ವನ ಕಡೆನ ಇರ್ತೇನಿ ಅಂತ ಕೇಳಬಹುದ ನೋಡು. ಸಾಹೇಬ್ರ ಮುಂದೂ ಹಂಗ ಹೇಳಬಹುದು,” ಎಂದಳು. ಹೇಳುತ್ತಿರುವಾಗಲೇ ತನ್ನ ಮೇಲೆ ತನಗೆ ಹೇಸಿಗೆಯಾಯಿತು. ಆದರೂ ಹೇಳಿದಳು. ಮುಳುಗುವವರಿಗೆ ಮರ್ಯಾದೆ ಎಲ್ಲಿಂದ ಬರಬೇಕು?

ಕರಿದು ಆರಿದ ಮೇಲೆ ಗುರುತಿನ ಕರ್ಚಿಕಾಯಿಯನ್ನು ಮಗಳ ಕಡೆಗೆ ತಿರುಗಿಸಿ ತಟ್ಟೆ ಹಿಡಿದಳು. ಕೃಪಾ ಅದನ್ನೇ ತೆಗೆದುಕೊಂಡು ಕಚ್ಚಿದಳು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ದೊಡ್ಡದೇ ಹೊರತು ಖಾರಕ್ಕಲ್ಲ, ಆದರೂ ಕೂಸಿನ ಕಣ್ಣಲ್ಲಿ ನೀರು ಬಂತು. ಆ ನೀರು ನಿಲ್ಲಲೇ ಇಲ್ಲ. ಬೆಲ್ಲ ಕೊಟ್ಟರು, ನೀರು ಕೊಟ್ಟರು, ಅವಳು ಬಿಕ್ಕಿ ಬಿಕ್ಕಿ ಅಳುತ್ತಲೇ ಇದ್ದಳು.

“ಕೇಳವಾ, ಏನ ಬೇಕ ಕೇಳು,” ಎಂದಳು ಎಸ್ತೇರ್.

“ನನ್ನ ಯಾರೂ ಕೇಳಬಾರದು,” ಎಂದಳು ಕೃಪಾ.

“ಏನು?”

“ಯಾರ ಕಡೆ ಇರ್ತಿ ಅಂತ ನನ್ನ ಯಾರೂ ಕೇಳಬಾರದು. ಆ ಸಾಹೇಬ್ರು ಕೇಳಬಾರದು. ನೀನು ಕೇಳಬಾರದು. ಅಪ್ಪ ನಿನ್ನೆ ಬೆಣ್ಣಿ ದ್ವಾಸಿ ತಿನಿಸಿ ಕೇಳಿದಾ. ಬ್ಯಾಡಗಿ ಆಯಿ ಮೊನ್ನೆ ಹೊಸ ಫ್ರಾಕ್ ಕೊಟ್ಟು ಕೇಳಿದ್ಲು. ಒಬ್ಬರ ಹೆಸರ ಹೇಳಿದ್ರ ಇನ್ನೊಬ್ರು ಅಳ್ತೀರಿ. ನಾ ಒಲ್ಲೆ.”

ಕೇಳದಿದ್ದರೆ ಏನಾಗುತ್ತದೆಂದು ಎಸ್ತೇರಳಿಗೆ ಚೆನ್ನಾಗಿ ಗೊತ್ತಿತ್ತು. ಕೂಸು ಇದ್ದಲ್ಲೇ ಉಳಿಯುತ್ತದೆ, ಅಷ್ಟೇ. ತಾಯಿಗೆ ಭೇಟಿಯ ಭಾನುವಾರಗಳು ಮಾತ್ರ.

“ಅದಲ್ಲ ಪುಟ್ಟಿ, ಬ್ಯಾರೆ ಏನರ ಕೇಳು. ಸೈಕಲ್ ಕೇಳು.”

“ಎಸ್ತೇರ,” ಎಂದಳು ಸುವಾರ್ತವ್ವ. “ಖಾರ ಕಚ್ಚಿದವ್ರ ಮಾತಿಗೆ ಇಲ್ಲ ಅಂದವ್ರು ಈ ಮನ್ಯಾಗ ಇಲ್ಲ. ಖಾರ ಇಟ್ಟಾಕಿನೂ ನೀನ.”

ಎಸ್ತೇರ್ ಗೋಡೆಗೆ ಒರಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಳ್ಳು ಹೇಳಬಹುದಿತ್ತು. ಆಯಿತು ಎಂದು ಹೇಳಿ ಜನವರಿಯಲ್ಲಿ ಮಗಳ ಕೈ ಹಿಡಿದು ಆ ಕೋಣೆಯ ಬಾಗಿಲಿಗೆ ಬಿಟ್ಟು ಬರಬಹುದಿತ್ತು. ಕೂಸು ತನ್ನನ್ನೇ ನೋಡುತ್ತಿತ್ತು. ಎಸ್ತೇರ್ ಫೋನು ತೆಗೆದು ಮಗಳ ಎದುರಿಗೇ ಶಬನಮ್‌ಗೆ ಹಚ್ಚಿದಳು.

“ನನ್ನ ಮಗಳನ್ನ ಯಾರೂ ಏನೂ ಕೇಳಾಕ ಕರಿಬಾರದ್ರಿ. ಕೋರ್ಟಿಗೆ ಏನ ಬರೀಬೇಕೋ ಬರೀರಿ.”

“ಹಂಗಾದ್ರ ಸೋಲ್ತೀರಿ, ಅಕ್ಕಾರ.”

“ಗೊತ್ತೈತ್ರಿ,” ಎಂದು ಫೋನು ಇಟ್ಟಳು. ಇಟ್ಟವಳೇ ಒಳಕೋಣೆಗೆ ಹೋಗಿ, ಚಾದರ ಕಟ್ಟಿದ ಕಿಟಕಿಯ ಹತ್ತಿರ ಕುಳಿತು ದನಿ ಬಾರದ ಹಾಗೆ ಅತ್ತಳು. ಆ ಅಳುವಿನಲ್ಲಿ ದೊಡ್ಡ ಮನಸ್ಸೇನೂ ಇರಲಿಲ್ಲ. ಕೂಸಿನ ಮೇಲೆ ಸಿಟ್ಟಿತ್ತು, ಪದ್ಧತಿ ಹಾಕಿಕೊಟ್ಟು ಸತ್ತ ಅಪ್ಪನ ಮೇಲೆ ಸಿಟ್ಟಿತ್ತು.

ಸ್ವಲ್ಪ ಹೊತ್ತಿಗೆ ಕೃಪಾ ಕರ್ಚಿಕಾಯಿ ತಿನ್ನುತ್ತ ಬಂದು ತಾಯಿಯ ತೊಡೆಯ ಮೇಲೆ ಕುಳಿತಳು. ಕೇಳದೆಯೇ ಮಾತಾಡತೊಡಗಿದಳು. ಶಾಲೆಯಲ್ಲಿ ಟೀಚರಿನ ಕುರ್ಚಿ ಮುರಿದದ್ದು, ಅಲುಗಾಡುವ ಹಲ್ಲು, ಅಪ್ಪನ ಅಂಗಡಿಯ ಚೀಲಗಳ ನಡುವೆ ಮರಿ ಹಾಕಿದ ಬೆಕ್ಕು. ಬೆಳಗಿನಿಂದ ಬಾರದ ಮಾತೆಲ್ಲ ಬಂತು. ಎಸ್ತೇರ್ ಮಗಳ ಬಾಯಿಗೆ ಬೆರಳು ಹಾಕಿ ಹಲ್ಲು ಅಲುಗಿಸಿ ನೋಡಿದಳು.

ಹೊರಗೆ ವಿಜಯಮಹಾಂತೇಶನ ಗಾಡಿಯ ಹಾರ್ನು ಕೇಳಿತು. ಕೃಪಾ ಏಳಲಿಲ್ಲ.

“ಅವ್ವ, ನಾ ಇನ್ನೂ ಸ್ವಲ್ಪ ಹೊತ್ತ ಇಲ್ಲೇ ಇರ್ತೇನಿ ಅಂತ ಅಪ್ಪಗ ಹೇಳು.”

ಇದನ್ನೇ, ಇದಿಷ್ಟನ್ನೇ ಆ ಸಾಹೇಬರ ಮುಂದೆ ಹೇಳಮ್ಮ ಎಂಬ ಮಾತು ಎಸ್ತೇರಳ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ನುಂಗಿದಳು. ಮಗಳನ್ನು ತೊಡೆಯಿಂದ ಇಳಿಸಿ, ಮುಖ ಒರೆಸಿಕೊಂಡು, ಸ್ವಲ್ಪ ಹೊತ್ತು ನಿಲ್ಲಲು ಗಂಡನಿಗೆ ಹೇಳಲೆಂದು ಬಾಗಿಲಿಗೆ ಹೋದಳು.